ಮನೆ ತರಕಾರಿಗೆ ಸೊಪ್ಪಿನಿಂದಲೇ ಆರಂಭಿಸಿ

ಮನೆಗೆ ಬೇಕಾದ ತರಕಾರಿಯನ್ನು ತಾರಸಿಯಲ್ಲೇ ಬೆಳೆದುಕೊಳ್ಳಲು ಹೊರಟವರು ಆರಂಭದಲ್ಲೇ ಟೊಮೆಟೊ, ಹೂಕೋಸು ಎಂದು ಹತ್ತಾರು ಬಗೆಯ ಬೀಜ ತರುವ ಬದಲು ಹರಿವೆ, ಮೆಂತ್ಯ ಮತ್ತು ಬಸಳೆಯಿಂದ ತೊಡಗುವುದು ಒಳ್ಳೆಯದೆಂಬುದು ನನ್ನ ದೃಢವಾದ ಅಭಿಪ್ರಾಯ. ಹರಿವೆ, ಮೆಂತ್ಯಕ್ಕೆ ಅರ್ಧ ಅಡಿ ಆಳದ, ತಳದಲ್ಲಿ ನೀರು ಬಸಿಯುವ ತೂತುಗಳಿರುವ ಟ್ರೇ ಸಾಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿ ತುಂಬಿರಿ.

ಹರಿವೆಯಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ತಳಿಯನ್ನು ಪದೇ ಪದೇ ಕೊಯ್ಯಬಹುದಾದ್ದರಿಂದ ಹೊಸಬರಿಗೆ ಅದು ಅನುಕೂಲ. ಇದರ ಬೀಜ ಸಾಸಿವೆಗಿಂತಲೂ ಸಣ್ಣದು; ಹಾಗೆಯೇ ಎರಚಿದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಆದ್ದರಿಂದ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಒಣ ಮರಳು ಬೆರೆಸಿ ಎರಚಿ, ಮೇಲೆ ತೆಳುವಾಗಿ ಗೊಬ್ಬರ ಉದುರಿಸಿ, ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಿರಿ. ಇರುವೆಗಳು ಬೀಜ ಹೊತ್ತೊಯ್ಯುವುದುಂಟು. ಮೊಳಕೆ ಬರುವವರೆಗೆ ಟ್ರೇಯ ಸುತ್ತ ಬೂದಿ ಹಾಕಿದರೆ ಸ್ವಲ್ಪ ತಡೆಯಾಗುತ್ತದೆ. ಸುಮಾರು ಒಂದು ತಿಂಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ. ಗಿಡವನ್ನು ಬೇರುಸಹಿತ ಕೀಳದೆ, ಬುಡದಲ್ಲಿ ಮೂರು ಬೆರಳಿನಷ್ಟು ಕಾಂಡ ಉಳಿಸಿ ಕತ್ತರಿಸಿದರೆ ಗಿಣ್ಣಿನಿಂದ ಮತ್ತೆ ಚಿಗುರುತ್ತದೆ.

ಮೆಂತ್ಯಕ್ಕೆ ಅಡುಗೆಮನೆಯ ಡಬ್ಬಿಯ ಕಾಳೇ ಸಾಕು. ರಾತ್ರಿ ನೆನೆಸಿ ಬೆಳಿಗ್ಗೆ ಬಿತ್ತಿರಿ. ಬಸಳೆಗೆ ಮಾತ್ರ ದೊಡ್ಡ ಕುಂಡ ಬೇಕು; ಎರಡು ಮೂರು ಗಿಣ್ಣುಗಳಿರುವ ಬಲಿತ ದಂಟನ್ನು ನೆಟ್ಟು, ಹಬ್ಬಲು ಹಗ್ಗವನ್ನೋ ಕೋಲನ್ನೋ ಕೊಡಿ.