ಎಲೆಕ್ಟ್ರಿಕ್ ಕಾರಿನ ತೆರಿಗೆ ನ್ಯಾಯವೋ ಅಲ್ಲವೋ ಎಂದು ತೂಗಿ ನೋಡುವ ಬಗೆ

ಪ್ರಗತಿಪರ ರಾಜಕೀಯವನ್ನು ಒಪ್ಪುವವರು ಎಲೆಕ್ಟ್ರಿಕ್ ಕಾರನ್ನೂ ಉಳ್ಳವರ ಮೇಲಿನ ಹೆಚ್ಚಿನ ತೆರಿಗೆಯನ್ನೂ ಒಟ್ಟಿಗೇ ಬೆಂಬಲಿಸುತ್ತಾರೆ, ಒಪ್ಪದವರು ಎರಡನ್ನೂ ಒಟ್ಟಿಗೇ ವಿರೋಧಿಸುತ್ತಾರೆ ಎಂಬ ಎಣಿಕೆ ಸಾಮಾನ್ಯವಾಗಿದೆ. ಆದರೆ ಹೊಸ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಸ್ಥಿತಿವಂತರೇ ಆಗಿರುವುದರಿಂದ, ಎಲೆಕ್ಟ್ರಿಕ್ ಕಾರಿಗೆ ಸಿಗುವ ತೆರಿಗೆ ವಿನಾಯಿತಿಯ ದೊಡ್ಡ ಪಾಲು ಅವರಿಗೇ ಸೇರುತ್ತದೆ. ಅಂದರೆ ಈ ಎರಡು ನಿಲುವುಗಳು ಒಂದಕ್ಕೊಂದು ಎದುರಾಗುವುದೂ ಉಂಟು. ಆದ್ದರಿಂದ ಇಂಥ ಕ್ರಮವೊಂದರ ಬಗ್ಗೆ ಅಭಿಪ್ರಾಯ ರೂಪಿಸಿಕೊಳ್ಳುವಾಗ ಯಾವ ಪಕ್ಷ ಅದನ್ನು ತಂದಿತು ಎಂಬುದನ್ನು ಬದಿಗಿಟ್ಟು, ಕ್ರಮವನ್ನೇ ಬಿಡಿಸಿ ನೋಡಬೇಕಾಗುತ್ತದೆ.

ಮೊದಲು ನಿಮ್ಮ ಅಭಿಪ್ರಾಯವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ‘ಎಲೆಕ್ಟ್ರಿಕ್ ಕಾರಿಗೆ ತೆರಿಗೆ ಹಾಕಬಾರದು’ ಎಂದಷ್ಟೇ ಬರೆದರೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ, ಏಕೆಂದರೆ ಅದು ಕೊಳ್ಳುವಾಗಿನ ತೆರಿಗೆಯೋ, ವಾರ್ಷಿಕ ವಾಹನ ತೆರಿಗೆಯೋ, ರಸ್ತೆ ಬಳಕೆಯ ಶುಲ್ಕವೋ, ಚಾರ್ಜಿಂಗ್ ವಿದ್ಯುತ್ತಿನ ಮೇಲಿನ ತೆರಿಗೆಯೋ ಎಂಬುದು ಅದರಲ್ಲಿಲ್ಲ. ಯಾವ ತೆರಿಗೆ, ಯಾರಿಗೆ, ಎಷ್ಟು ಕಾಲ ಎಂಬ ಮೂರೂ ವಾಕ್ಯದೊಳಗೆ ಬರಬೇಕು. ಹೀಗೆ ಬರೆಯುವಾಗಲೇ ಎಷ್ಟೋ ಅಭಿಪ್ರಾಯಗಳು ಸಡಿಲವಾಗಿಬಿಡುತ್ತವೆ.

ಅನಂತರ ಆ ತೆರಿಗೆಯ ಉದ್ದೇಶವನ್ನು ಗುರುತಿಸಿ. ಸರ್ಕಾರದ ಸಾಮಾನ್ಯ ಖರ್ಚಿಗೆ ಹಣ ಕೂಡಿಸುವುದು, ರಸ್ತೆಯ ವೆಚ್ಚವನ್ನು ಬಳಸುವವರಿಂದ ವಸೂಲು ಮಾಡುವುದು, ಇತರರಿಗೆ ಆಗುವ ಹಾನಿಗೆ ಬೆಲೆ ಕಟ್ಟುವುದು ಎಂದು ಮುಖ್ಯವಾಗಿ ಮೂರು ಉದ್ದೇಶಗಳಿವೆ. ಮೊದಲನೆಯದಕ್ಕೆ ಕೊಡುವ ಶಕ್ತಿ ಅಳತೆಗೋಲು, ಎರಡನೆಯದಕ್ಕೆ ಬಳಕೆ ಅಳತೆಗೋಲು, ಮೂರನೆಯದಕ್ಕೆ ಮಾಲಿನ್ಯ ಅಳತೆಗೋಲು. ಪೆಟ್ರೋಲ್ ತೆರಿಗೆ ಈ ಮೂರೂ ಕೆಲಸಗಳನ್ನು ಒರಟಾಗಿಯಾದರೂ ಒಂದೇ ಏಟಿಗೆ ಮಾಡುತ್ತಿತ್ತು: ಹೆಚ್ಚು ಓಡಿಸಿದವನು, ಭಾರವಾದ ವಾಹನ ಇಟ್ಟುಕೊಂಡವನು, ಹೆಚ್ಚು ಹೊಗೆ ಬಿಟ್ಟವನು ಹೆಚ್ಚು ಕೊಡುತ್ತಿದ್ದನು. ಎಲೆಕ್ಟ್ರಿಕ್ ಕಾರು ಬಂದ ಮೇಲೆ ಈ ಗಂಟು ಬಿಚ್ಚಿಕೊಂಡಿದೆ. ಆ ಕಾರು ಕೊಳವೆಯಿಂದ ಹೊಗೆ ಬಿಡುವುದಿಲ್ಲ, ಆದರೆ ರಸ್ತೆಯಲ್ಲಿ ಜಾಗವನ್ನು ಮಿಕ್ಕ ಕಾರುಗಳಷ್ಟೇ ಹಿಡಿಯುತ್ತದೆ, ದಟ್ಟಣೆಯನ್ನೂ ಅಷ್ಟೇ ಉಂಟುಮಾಡುತ್ತದೆ. ಹೊಗೆಯ ಲೆಕ್ಕದಲ್ಲಿ ವಿನಾಯಿತಿ ಕೊಡುವುದು ಸರಿಯೆಂದು ಒಪ್ಪಿದವರು ರಸ್ತೆಯ ಲೆಕ್ಕದಲ್ಲಿಯೂ ವಿನಾಯಿತಿ ಇರಬೇಕೆಂದು ಒಪ್ಪಬೇಕಾಗಿಲ್ಲ.

ಇಲ್ಲಿ ಒಂದು ವಾದದ ಬಗ್ಗೆ ಎಚ್ಚರಿಕೆ ಅಗತ್ಯ. ಬ್ಯಾಟರಿಯ ಭಾರದಿಂದ ಎಲೆಕ್ಟ್ರಿಕ್ ಕಾರುಗಳು ರಸ್ತೆಯನ್ನು ಹಾಳುಮಾಡುತ್ತವೆ, ಆದ್ದರಿಂದ ಅವು ಹೆಚ್ಚು ತೆರಬೇಕು ಎಂದು ಹೇಳುವವರಿದ್ದಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಅಂದಾಜು ಸೂತ್ರದ ಪ್ರಕಾರ, ರಸ್ತೆಗೆ ಆಗುವ ಸವೆತವು ಅಚ್ಚಿನ ಮೇಲಿನ ಭಾರದ ನಾಲ್ಕನೇ ಘಾತದಂತೆ ಏರುತ್ತದೆ. ಭಾರ ಎರಡು ಪಟ್ಟಾದರೆ ಸವೆತ 16 ಪಟ್ಟು. ಈ ಸೂತ್ರವನ್ನು ಕಾರುಗಳ ನಡುವಿನ ಹೋಲಿಕೆಗೆ ಹಚ್ಚಿ ಅಲ್ಲಿಗೇ ನಿಲ್ಲಿಸಿದರೆ ವಾದ ಬಲವಾಗಿ ಕಾಣುತ್ತದೆ. ಅದೇ ಸೂತ್ರವನ್ನು ತುಂಬಿದ ಲಾರಿಗೆ ಹಚ್ಚಿದರೆ, ಯಾವುದೇ ಕಾರಿನ ಪಾಲು ಲೆಕ್ಕಕ್ಕೇ ಬಾರದಷ್ಟು ಸಣ್ಣದಾಗುತ್ತದೆ. ಭಾರದ ಮಾತನ್ನು ಗಂಭೀರವಾಗಿ ಆಡುವವರು ಮೊದಲು ಸರಕು ಸಾಗಣೆಯ ವಾಹನಗಳ ತೆರಿಗೆಯನ್ನು ಚರ್ಚಿಸಬೇಕೆಂಬುದು ನನ್ನ ಅಭಿಪ್ರಾಯ.

ಮೂರನೆಯ ಹೆಜ್ಜೆಯಲ್ಲಿ ಹೊರೆಯನ್ನು ಮೊತ್ತದಲ್ಲಿ ನೋಡದೆ ಆದಾಯದ ಶೇಕಡಾವಾರಿನಲ್ಲಿ ಅಳೆಯಿರಿ. ವರ್ಷಕ್ಕೆ 100 ಗಳಿಸುವ ಮನೆಯೂ 20 ಗಳಿಸುವ ಮನೆಯೂ ಇಂಧನ ತೆರಿಗೆಯಾಗಿ ತಲಾ 2 ತೆತ್ತರೆ, ಮೊದಲನೆಯದಕ್ಕೆ ಅದು ಶೇ. 2, ಎರಡನೆಯದಕ್ಕೆ ಶೇ. 10. ಆದರೆ ಬಡವರಲ್ಲಿ ಹೆಚ್ಚಿನವರ ಬಳಿ ವಾಹನವೇ ಇಲ್ಲದ ಸಮಾಜಗಳಲ್ಲಿ ಇದೇ ತೆರಿಗೆಯ ನೇರ ಹೊರೆ ಉಳ್ಳವರ ಮೇಲೆಯೇ ಬೀಳುತ್ತದೆ; ಬಡವರನ್ನು ಅದು ಬಸ್ ದರ ಮತ್ತು ಸಾಗಣೆ ವೆಚ್ಚದ ಮೂಲಕ ಪರೋಕ್ಷವಾಗಿ ಮುಟ್ಟುತ್ತದೆ. ಆದಾಯ ತೆರಿಗೆಯ ಮಾತು ಬಂದಾಗ ಇನ್ನೊಂದು ತಪ್ಪು ಗ್ರಹಿಕೆಯನ್ನು ಸರಿಪಡಿಸಿಕೊಳ್ಳಬೇಕು. ಮೇಲಿನ ಹಂತದ ದರವು ಆ ಹಂತವನ್ನು ಮೀರಿದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಮೊದಲ 100ಕ್ಕೆ ಶೇ. 10, ಅದಕ್ಕಿಂತ ಮೇಲಿನದಕ್ಕೆ ಶೇ. 20 ಎಂದಿದ್ದರೆ 110 ಗಳಿಸಿದವರು ತೆರುವುದು 12, 22 ಅಲ್ಲ.

ಹೊರೆಯಂತೆ ಲಾಭವನ್ನೂ ಹಿಂಬಾಲಿಸಬೇಕು, ಮತ್ತು ಇಲ್ಲಿ ನಿಯಮಗಳ ಸಣ್ಣ ಅಕ್ಷರಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಅಮೆರಿಕದಲ್ಲಿ ಎಲೆಕ್ಟ್ರಿಕ್ ಕಾರಿಗೆ 7,500 ಡಾಲರ್‌ವರೆಗೆ ತೆರಿಗೆ ರಿಯಾಯಿತಿ ಇದ್ದ ಕಾಲದಲ್ಲಿ, ಬಹಳ ವರ್ಷ ಅದು ತೆರಬೇಕಾದ ತೆರಿಗೆಯಿಂದ ಕಳೆಯುವ ಮೊತ್ತವಷ್ಟೇ ಆಗಿತ್ತು. ಅಷ್ಟು ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದವರಿಗೆ ಪೂರ್ತಿ ರಿಯಾಯಿತಿ ಸಿಗುತ್ತಲೇ ಇರಲಿಲ್ಲ. 2022ರ ಕಾನೂನು ಕೊಳ್ಳುವವರ ಆದಾಯಕ್ಕೂ ಕಾರಿನ ಬೆಲೆಗೂ ಮಿತಿ ಹಾಕಿತು, 2024ರಿಂದ ರಿಯಾಯಿತಿಯನ್ನು ಮಾರಾಟಗಾರನ ಬಳಿಯಲ್ಲೇ ಬೆಲೆಯಿಂದ ಕಳೆಯಲು ಅವಕಾಶವಾಯಿತು; 2025ರ ಸೆಪ್ಟೆಂಬರ್ 30ಕ್ಕೆ ಯೋಜನೆಯೇ ಮುಗಿಯಿತು. ಫ್ರಾನ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ 2018ರ ನವೆಂಬರಿನಲ್ಲಿ ಇಂಧನ ತೆರಿಗೆಯ ಏರಿಕೆಯ ವಿರುದ್ಧ ‘ಹಳದಿ ಅಂಗಿ’ಯವರ ಪ್ರತಿಭಟನೆ ಎದ್ದಿತ್ತು, ಮತ್ತು ಕೆಲಸಕ್ಕೆ ಕಾರಿನಲ್ಲೇ ಹೋಗಬೇಕಾದ, ಹೆಚ್ಚು ಸಂಬಳವಿಲ್ಲದ ಜನ ಅದರ ಬೆನ್ನೆಲುಬಾಗಿದ್ದರು. 2024ರಲ್ಲಿ ಅದೇ ದೇಶ ಕಡಿಮೆ ಆದಾಯದವರಿಗೆ, ಮುಖ್ಯವಾಗಿ ಕೆಲಸದ ಸ್ಥಳದಿಂದ 15 ಕಿಲೋಮೀಟರಿಗಿಂತ ದೂರ ವಾಸಿಸುವವರಿಗೆ, ತಿಂಗಳಿಗೆ 100 ಯೂರೋದಷ್ಟು ಬಾಡಿಗೆಯಲ್ಲಿ ಎಲೆಕ್ಟ್ರಿಕ್ ಕಾರು ಕೊಡುವ ಯೋಜನೆ ತಂದಾಗ, ಅರ್ಜಿಗಳು ಮೇಲಿಂದ ಮೇಲೆ ಬಂದು ಕೆಲವೇ ವಾರಗಳಲ್ಲಿ ಅದನ್ನು ಆ ವರ್ಷದ ಮಟ್ಟಿಗೆ ನಿಲ್ಲಿಸಬೇಕಾಯಿತು. ಕಡಿಮೆ ಆದಾಯದವರಿಗೆ ಎಲೆಕ್ಟ್ರಿಕ್ ಕಾರು ಬೇಡ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕಾರಿನ ಬೆಲೆಯ ಗದ್ದಲದಲ್ಲಿ ಚಾರ್ಜಿಂಗ್ ಮರೆತುಹೋಗುತ್ತದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಬಳಸುವ ವಿದ್ಯುತ್ತಿಗೆ ಮೌಲ್ಯವರ್ಧಿತ ತೆರಿಗೆ ಶೇ. 5 ಇದ್ದರೆ, ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಶೇ. 20 ವಿಧಿಸಲಾಗಿದೆ, ಸ್ವಂತ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸುವವರಿಗೆ ಕಡಿಮೆ ದರ, ಅಂಥ ಜಾಗವಿಲ್ಲದ ಬಾಡಿಗೆದಾರರಿಗೆ ಹೆಚ್ಚಿನ ದರ ಎಂದಾಯಿತು. ಯಾರೂ ಬೇಕೆಂದು ಮಾಡದ ಅನ್ಯಾಯಗಳು ಇಂಥ ಕಡೆಯೇ ಅಡಗಿರುತ್ತವೆ.

ನಾಲ್ಕನೆಯದಾಗಿ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಏಕೆಂದರೆ ನೂರರಲ್ಲಿ ಒಂದೆರಡು ಕಾರುಗಳಿಗೆ ಕೊಟ್ಟಾಗ ಪ್ರೋತ್ಸಾಹವಾಗಿದ್ದದ್ದು ನೂರರಲ್ಲಿ ತೊಂಬತ್ತಕ್ಕೆ ಕೊಡುವಾಗ ಬೊಕ್ಕಸದ ರಂಧ್ರವಾಗುತ್ತದೆ. ನಾರ್ವೆ 2001ರಲ್ಲಿ ಎಲೆಕ್ಟ್ರಿಕ್ ಕಾರುಗಳಿಗೆ ಮೌಲ್ಯವರ್ಧಿತ ತೆರಿಗೆಯಿಂದ ವಿನಾಯಿತಿ ಕೊಟ್ಟಿತು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಎಲೆಕ್ಟ್ರಿಕ್. ಅಷ್ಟರೊಳಗೆ, 2023ರಿಂದ, 5 ಲಕ್ಷ ಕ್ರೋನರ್ ಮೀರಿದ ಬೆಲೆಯ ಭಾಗಕ್ಕೆ ಶೇ. 25ರ ತೆರಿಗೆ ಮರಳಿ ಬಂದಿತ್ತು. ದುಬಾರಿ ಕಾರಿನಿಂದ ಆರಂಭಿಸಿದ್ದು ನನಗೆ ಸರಿಯಾದ ಕ್ರಮವೆನಿಸುತ್ತದೆ. ನ್ಯೂಜಿಲೆಂಡ್ 2024ರ ಏಪ್ರಿಲ್ 1ರಿಂದ ಎಲೆಕ್ಟ್ರಿಕ್ ಕಾರುಗಳಿಗೂ ದೂರಕ್ಕೆ ತಕ್ಕ ರಸ್ತೆ ಶುಲ್ಕ ವಿಧಿಸಿತು: 1,000 ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರ್. ಪೆಟ್ರೋಲನ್ನೂ ಬಳಸುವ ಪ್ಲಗ್-ಇನ್ ಹೈಬ್ರಿಡ್ ಕಾರುಗಳು ಈಗಾಗಲೇ ಇಂಧನ ತೆರಿಗೆ ಕೊಡುತ್ತಿರುವುದರಿಂದ ಅವುಗಳಿಗೆ ಅರ್ಧ ದರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವೂ ಇಂಥದೇ ಶುಲ್ಕ ತಂದಿತ್ತು, ಆದರೆ ಅದು ರಾಜ್ಯಗಳಿಗೆ ಅಧಿಕಾರವಿಲ್ಲದ ಬಗೆಯ, ಸರಕುಗಳ ಮೇಲಿನ ಎಕ್ಸೈಸ್ ಸುಂಕವೆಂದು ಆ ದೇಶದ ಅತ್ಯುನ್ನತ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ರದ್ದುಮಾಡಿತು. ಹಾಕುವವರಿಗೆ ಅಧಿಕಾರ ಇದೆಯೇ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

ಇಷ್ಟಾದ ಮೇಲೆ ಆರಂಭದಲ್ಲಿ ಬರೆದ ವಾಕ್ಯವನ್ನು ತಿದ್ದಿ, ಅದೇ ಕ್ರಮವನ್ನು ನೀವು ಒಪ್ಪದ ಪಕ್ಷ ತಂದಿದ್ದರೂ ಇದನ್ನೇ ಹೇಳುತ್ತಿದ್ದಿರಾ ಎಂದು ಕೇಳಿಕೊಳ್ಳಿ. ಬೇರೆಯವರೊಡನೆ ವಾದಿಸುವಾಗ ಭಿನ್ನಾಭಿಪ್ರಾಯ ಇರುವುದು ಉದ್ದೇಶದಲ್ಲೋ, ಹೊರೆಯ ಲೆಕ್ಕದಲ್ಲೋ, ಕಾಲದಲ್ಲೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಲೆಕ್ಕದ ಜಗಳ ಅಂಕಿಗಳಿಂದ ಬಗೆಹರಿಯಬಹುದು, ಉದ್ದೇಶದ ಜಗಳ ಹಾಗೆ ಬಗೆಹರಿಯುವುದಿಲ್ಲ. ಅಂಕಿಗಳಿಗಾಗಿ ಬಜೆಟ್ ಭಾಷಣವನ್ನು ನೆಚ್ಚಬೇಡಿ. ವಿನಾಯಿತಿಗಳಿಂದ ಕೈಬಿಟ್ಟ ವರಮಾನದ ಪಟ್ಟಿಯನ್ನು ಅನೇಕ ಸರ್ಕಾರಗಳು ಬಜೆಟ್ಟಿನೊಂದಿಗೆ ಪ್ರತ್ಯೇಕವಾಗಿ ಪ್ರಕಟಿಸುತ್ತವೆ. ಅದರಲ್ಲಿ ಎಲೆಕ್ಟ್ರಿಕ್ ವಾಹನಗಳ ಸಾಲನ್ನು ಹುಡುಕಿ, ಅದೇ ವರ್ಷ ಬಸ್ಸು, ರೈಲುಗಳಿಗೆ ಕೊಟ್ಟ ಅನುದಾನದ ಪಕ್ಕದಲ್ಲಿಟ್ಟು ಓದಿ.