ಬೇರೆ ಬೇರೆ ಮನೆತನದ ಭಾಗಗಳ ಒಂದು ಜೀಪು: ಬಿಚ್ಚಿ ಕಟ್ಟಿದ ನನ್ನ ಅನುಭವ

ನಮ್ಮ ಪಾಂಡವಪುರದ ಕಡೆ ಹಳೇ ಮಹೀಂದ್ರ ಜೀಪಿನ ಬಗ್ಗೆ ಎರಡು ಮಾತು ಓಡಾಡುತ್ತವೆ. ಅದಕ್ಕೆ ಸಾವೇ ಇಲ್ಲ ಅನ್ನುವುದು ಒಂದು. ಅದನ್ನು ಕಟ್ಟಿಕೊಂಡವನ ಜೇಬು ಉಳಿಯುವುದಿಲ್ಲ ಅನ್ನುವುದು ಇನ್ನೊಂದು. ಎರಡೂ ನಿಜವೇ, ಆದರೆ ಒಂದೇ ಜೀಪಿನ ಬೇರೆ ಬೇರೆ ಭಾಗಗಳಿಗೆ. ನನ್ನ ಎಂಎಂ 540 ಜೀಪನ್ನು ನಮ್ಮ ಹಳೇ ಆಲೆಮನೆ ಚಪ್ಪರದಡಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದಾಗ ನನಗೆ ಮನದಟ್ಟಾದದ್ದು ಇದೇ. ಈ ಗಾಡಿ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ ಹುಟ್ಟಿದ್ದಲ್ಲ. ಯಾವ ಭಾಗ ಯಾವ ಮನೆತನದ್ದು ಅಂತ ತಿಳಿದುಕೊಂಡರೆ, ಯಾವುದನ್ನು ಕಣ್ಣುಮುಚ್ಚಿ ನಂಬಬಹುದು, ಯಾವುದರ ಮೇಲೆ ಸದಾ ಕಣ್ಣಿಡಬೇಕು, ಸ್ಪೇರಿಗೆ ಯಾರ ಅಂಗಡಿ ಬಾಗಿಲು ತಟ್ಟಬೇಕು ಅನ್ನುವುದು ಸುಲಭವಾಗಿ ಹೊಳೆಯುತ್ತದೆ.

ಮೂಲ ಅಮೆರಿಕದ್ದು. 1940ರಲ್ಲಿ ಅಲ್ಲಿನ ಸೈನ್ಯ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕು ಅಂತ ಕೇಳಿತು. ಮೊದಲ ಮಾದರಿ ಕೊಟ್ಟದ್ದು ಬ್ಯಾಂಟಮ್ ಅನ್ನುವ ಸಣ್ಣ ಕಂಪನಿ, ಎಂಜಿನ್ ಬಲದಿಂದ ಗೆದ್ದದ್ದು ವಿಲ್ಲಿಸ್. ವಿಲ್ಲಿಸ್‌ನ 2.2 ಲೀಟರ್ ಪೆಟ್ರೋಲ್ ಎಂಜಿನ್ನಿಗೆ 60 ಅಶ್ವಶಕ್ತಿ ಇತ್ತು, ಪೈಪೋಟಿಗೆ ನಿಂತ ಬೇರೆ ಯಾವ ಗಾಡಿಗೂ ಅಷ್ಟಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಮತ್ತು ಫೋರ್ಡ್ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಆಮೇಲೆ ಅದೇ ಗಾಡಿ ರೈತರಿಗೆ ಅಂತ ಸಿಜೆ, ಅಂದರೆ ಸಿವಿಲಿಯನ್ ಜೀಪ್ ಅನ್ನುವ ಹೆಸರಿನಲ್ಲಿ ಬಂತು. 1953ರಲ್ಲಿ ಬಂದ ಸಿಜೆ 3ಬಿಗೆ ಎತ್ತರದ ಎಂಜಿನ್ ಕೂರಿಸಲೆಂದು ಬಾನೆಟ್ ಎತ್ತರಿಸಿದರು. ನಮ್ಮ ಹಳೇ ಸರ್ಕಾರಿ ಜೀಪುಗಳ ಆ ದಪ್ಪ ಹಣೆ ಅಲ್ಲಿಂದ ಬಂದದ್ದು.

ಇಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ 1945ರ ಅಕ್ಟೋಬರ್ 2ರಂದು ಶುರುಮಾಡಿದ್ದು ಮಹೀಂದ್ರ ಅಂಡ್ ಮೊಹಮ್ಮದ್ ಅನ್ನುವ ಉಕ್ಕಿನ ವ್ಯಾಪಾರ. ದೇಶ ವಿಭಜನೆಯಾದಾಗ ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಅಷ್ಟರಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಶುರುವಾಗಿತ್ತು. ಅಮೆರಿಕದಲ್ಲಿ ಸಿಜೆ 3ಬಿ ತಯಾರಿಕೆ 1968ಕ್ಕೇ ನಿಂತರೂ ನಮ್ಮಲ್ಲಿ ಅದರ ಮೈಕಟ್ಟಿನ ಜೀಪುಗಳು ಮತ್ತೂ ಹಲವು ದಶಕ ಹುಟ್ಟುತ್ತಲೇ ಇದ್ದವು. ಅತ್ತ ಜೀಪ್ ಅನ್ನುವ ಹೆಸರು ಕೈಸರ್, ಎಎಂಸಿ, ಕ್ರೈಸ್ಲರ್ ಅಂತ ಕೈ ಬದಲಿಸುತ್ತಾ ಹೋಯಿತು. ಇತ್ತ ಹೊರಗಿನ ತಗಡು ಹಾಗೇ ಉಳಿದು ಒಳಗಿನ ಎಂಜಿನ್, ಗೇರ್ ಬಾಕ್ಸ್ ಮಾತ್ರ ಬದಲಾಗುತ್ತಾ ಬಂದವು. ರಿಪೇರಿಗೆ ಕೂತವನಿಗೆ ಬೇಕಾದ ಇತಿಹಾಸ ಇದು.

ನನ್ನ ಜೀಪು ಒಂದು ಕಾಲಕ್ಕೆ ಸರ್ಕಾರಿ ಇಲಾಖೆಯೊಂದರದ್ದು. ಹರಾಜಿನಲ್ಲಿ ಒಬ್ಬರ ಕೈಗೆ ಹೋಗಿ, ಅಲ್ಲಿಂದ ಕಬ್ಬಿನ ಗದ್ದೆಗಳಲ್ಲಿ ದುಡಿದು, ಕೊನೆಗೆ ನನ್ನ ಹತ್ತಿರ ಬಂತು. ಕೊಳ್ಳುವ ಮೊದಲು ನಾನು ಎಂಜಿನ್ ಸ್ಟಾರ್ಟ್ ಮಾಡಿಸಲೇ ಇಲ್ಲ. ಸಣ್ಣ ಸುತ್ತಿಗೆ ಹಿಡಿದು ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಕೆಳಗೆ ಮಲಗಿದೆ. ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಚಾಸಿಗೆ ಸೇರುವ ಜಾಗ, ಹಿಂದಿನ ಅಡ್ಡಪಟ್ಟಿ, ಬಾಡಿ ಕೂರುವ ಬ್ರಾಕೆಟ್ಟುಗಳು, ಈ ಮೂರನ್ನೂ ಬಡಿದು ನೋಡಬೇಕು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಮಂಕಾಗಿ ಸದ್ದು ಬರುತ್ತದೆ. ನಮ್ಮದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲು. ಗದ್ದೆ ಕೆಸರು ಚಾಸಿಯ ಪೆಟ್ಟಿಗೆಯೊಳಗೆ ಕೂತರೆ ಬೇಸಿಗೆಯಲ್ಲೂ ಒಣಗುವುದಿಲ್ಲ. ಎಂಜಿನ್ ಕೆಟ್ಟರೆ ಕಟ್ಟಬಹುದು, ಬಾಡಿ ತೂತಾದರೆ ಟಿಂಕರಿಂಗ್ ಮಾಡಿಸಬಹುದು. ಚಾಸಿ ನಂಬರ್ ಇರುವ ಕಬ್ಬಿಣವೇ ಹೋದರೆ ಗಾಡಿ ಮುಗಿಯಿತು. ಆರ್‌ಸಿಯಲ್ಲಿ ಇರುವ ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಗಾಡಿ ಮೇಲಿನ ಅಚ್ಚಿಗೆ ಹೊಂದಿದ ಮೇಲೆಯೇ ದುಡ್ಡಿನ ಮಾತಾಡಿದ್ದು.

ಇನ್ನು ಎಂಜಿನ್. ನನ್ನದರಲ್ಲಿದ್ದದ್ದು ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90. ಅದು 2112 ಸಿಸಿ, 62 ಅಶ್ವಶಕ್ತಿಯ ಡೀಸೆಲ್. ಇದೇ ಅಳತೆಯ ಡೀಸೆಲ್ ಎಂಜಿನ್ ಫ್ರಾನ್ಸಿನಲ್ಲಿ ಪ್ಯೂಜೊ 504 ಕಾರಿಗೂ ಇತ್ತು. ಅಂದರೆ ಇದರ ಹುಟ್ಟುಗುಣ ಕಾರಿನದು. ತಿರುಗಿಸಿದರೆ ಖುಷಿಯಾಗಿ ತಿರುಗುತ್ತದೆ, ಸದ್ದು ಕಡಿಮೆ, ನಡುಕ ಕಡಿಮೆ. ಆದರೆ ಡೀಸೆಲ್ ಉರಿಯುವುದು ಹೆಡ್ಡಿನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ ಇರುವ ಒಂದು ಸಣ್ಣ ಕೋಣೆಯಲ್ಲಿ, ಅಲ್ಲಿಂದ ಸಿಲಿಂಡರಿಗೆ ಬರುತ್ತದೆ. ಆ ದಾರಿಯಲ್ಲಿ ಶಾಖದ ದೊಡ್ಡ ಪಾಲು ನೀರಿಗೆ ಹೋಗುತ್ತದೆ. ಅದಕ್ಕೇ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆ ಏಳುವುದಿಲ್ಲ, ಅದಕ್ಕೇ ರೇಡಿಯೇಟರ್ ಮೇಲೆ ಹೊರೆ ಜಾಸ್ತಿ. ‘ಪ್ಯೂಜೊ ಎಂಜಿನ್ ಹೀಟ್ ಆಗುತ್ತೆ’ ಅಂತ ದೂರುವವರ ಗಾಡಿಯ ರೇಡಿಯೇಟರ್ ಬಿಚ್ಚಿಸಿ ನೋಡಿ. ವರ್ಷಗಟ್ಟಲೆ ನಾಲೆ ನೀರು, ಬೋರ್ ನೀರು ಸುರಿದು ಒಳಗೆಲ್ಲ ಸುಣ್ಣ ಕಟ್ಟಿರುತ್ತದೆ.

ನಾನು ಮೊದಲು ಮಾಡಿಸಿದ್ದು ರೇಡಿಯೇಟರ್ ಕೆಲಸ. ಮೇಲಿನ ತೊಟ್ಟಿ ಬಿಚ್ಚಿಸಿ ಪ್ರತಿ ನಳಿಗೆಗೂ ಕಡ್ಡಿ ಹೊಡೆಸಿದೆ. ಬ್ಲಾಕಿನ ನೀರಿನ ದಾರಿಯ ಹೂಳನ್ನು ತಂತಿ, ಗಾಳಿ ಎರಡರಿಂದಲೂ ತೆಗೆದೆ. ಆಮೇಲೆ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಇದರಲ್ಲಿ ಇರುವುದು ಸುತ್ತ ನೀರು ಆಡುವ ವೆಟ್ ಲೈನರ್. ಅವು ಬ್ಲಾಕಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಬೇಕು. ಆಗ ಮಾತ್ರ ಹೆಡ್ ಬಿಗಿದಾಗ ಗ್ಯಾಸ್ಕೆಟ್ಟು ಲೈನರ್ ಅಂಚನ್ನು ಒತ್ತಿ ಹಿಡಿಯುತ್ತದೆ. ನಾಲ್ಕೂ ಒಂದೇ ಎತ್ತರ ಇರಬೇಕು. ಡಯಲ್ ಗೇಜ್ ಇಟ್ಟು ಒಂದೊಂದನ್ನೂ ಅಳೆದು ಕೂರಿಸಿದೆ. ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಸುಡುವ ಎಂಜಿನ್ನುಗಳಲ್ಲಿ ಈ ಅಳತೆಯನ್ನು ಯಾರೂ ನೋಡಿರುವುದಿಲ್ಲ. ಡೀಸೆಲ್ ಪಂಪ್, ನಾಜಲ್ಲುಗಳನ್ನು ಮಾತ್ರ ಮೈಸೂರಿನಲ್ಲಿ ಪಂಪ್ ಟೆಸ್ಟಿಂಗ್ ಮಾಡುವವರಿಗೆ ಕೊಟ್ಟೆ. ಮನೆಯಲ್ಲಿ ಆಗುವ ಕೆಲಸ ಅಲ್ಲ ಅದು.

‘ಇದೆಲ್ಲ ಯಾಕಣ್ಣ, ಡಿಐ ಇಂಜಿನ್ ಕೂರಿಸ್ಬುಡು’ ಅಂದವರು ಬಹಳ. ಡಿಐ, ಅಂದರೆ ಡೀಸೆಲ್ಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಎಂಜಿನ್ ಬಗ್ಗೆ ನನಗೆ ಪ್ರೀತಿಯೇ ಇದೆ. ನಮ್ಮ ಭಾವನ ಮಹೀಂದ್ರ ಕಮಾಂಡರ್ ಜೀಪಿನಲ್ಲಿ ಇರುವುದು ಅದೇ. 2523 ಸಿಸಿಯ ಆ ಎಂಜಿನ್ನಿನ ಬೇರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಟ್ರ್ಯಾಕ್ಟರಿನಲ್ಲಿದೆ. 1963ರಲ್ಲಿ ಮಹೀಂದ್ರ ಆ ಕಂಪನಿ ಜೊತೆ ಕೂಡಿ ಇಲ್ಲಿ ಟ್ರ್ಯಾಕ್ಟರ್ ಕಂಪನಿ ಶುರುಮಾಡಿತು, ಬಿ 275 ಟ್ರ್ಯಾಕ್ಟರ್ ಹಾಗೆ ನಮ್ಮ ಹೊಲಗಳಿಗೆ ಬಂತು. ಭಾವನ ಗಾಡಿ ಒಮ್ಮೆ ಕೆ.ಆರ್. ಪೇಟೆ ದಾರಿಯಲ್ಲಿ ನಿಂತಾಗ ಹತ್ತಿರದ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನು ಕರೆಸಿದೆವು. ಬಾನೆಟ್ ಎತ್ತಿ ನೋಡಿದವನೇ, ‘ಇದು ನಮ್ ಟ್ರ್ಯಾಕ್ಟ್ರು ಇಂಜಿನ್ನೇ ಕಣಣ್ಣೋ’ ಅಂತ ಪಾನಾ ಹಿಡಿದ. ಮಂಡ್ಯ ಜಿಲ್ಲೆಯಲ್ಲಿ ಡಿಐ ಜೀಪಿಗೆ ಇರುವ ಒಳ್ಳೆಯ ಹೆಸರಿನ ಗುಟ್ಟು ಇದೇ ಅಂತ ನನ್ನ ನಂಬಿಕೆ. ಎಂಜಿನ್ ಗಟ್ಟಿ ಇರುವುದರ ಜೊತೆಗೆ, ಟ್ರ್ಯಾಕ್ಟರ್ ಇರುವ ಪ್ರತಿ ಹೋಬಳಿಯಲ್ಲೂ ಅದನ್ನು ಬಲ್ಲ ಕೈಗಳಿವೆ. ನಿಧಾನವಾಗಿ ಭಾರ ಎಳೆಯುವುದರಲ್ಲಿ ಪ್ಯೂಜೊ ಎಂಜಿನ್ ಅದಕ್ಕೆ ಸಾಟಿಯಲ್ಲ. ನಡುಕ ಮಾತ್ರ ಸಹಿಸಬೇಕು, ಆ ನಡುಕಕ್ಕೆ ಬಾಡಿ ಬೋಲ್ಟು, ಬ್ರಾಕೆಟ್ಟು ಸಡಿಲವಾಗುತ್ತಲೇ ಇರುತ್ತವೆ.

ಆದರೂ ನಾನು ಬದಲಾಯಿಸಲಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಗಾಡಿಯ ಮೂಲ ವಿವರ ಬದಲಾಯಿಸುವ ಹಾಗಿಲ್ಲ, ಎಂಜಿನ್ ಬದಲಿಸಬೇಕಾದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಸುಮ್ಮನೆ ಕೂರಿಸಿಕೊಂಡ ಎಂಜಿನ್ನಿನ ಗಾಡಿ ಅಪಘಾತವಾದಾಗ ವಿಮೆಯ ಮುಂದೆ ನಿಲ್ಲುವುದಿಲ್ಲ. ಜೊತೆಗೆ, ಚೆನ್ನಾಗಿ ಕಟ್ಟಿದ ಪ್ಯೂಜೊ ಎಂಜಿನ್ ನನ್ನ ಕೆಲಸಕ್ಕೆ ಧಾರಾಳ ಸಾಕು.

ಈಗ ಈ ಜೀಪಿನ ನಿಜವಾದ ಆಸ್ತಿಗೆ ಬರುತ್ತೇನೆ. ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸು (ಗೇರ್ ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ವಿಲ್ಲಿಸ್ ಕಾಲದ ವಿನ್ಯಾಸದ ನೇರ ಸಂತಾನ. ತಿಂಗಳುಗಟ್ಟಲೆ ಕೆಸರಲ್ಲಿ ದುಡಿಸಿದರೂ ಒಡೆಯುವಂಥವಲ್ಲ. ಸೋರುತ್ತವೆ, ಸವೆಯುತ್ತವೆ, ಆದರೆ ಅದು ಹೊರಗೆ ಕಾಣುವ, ಕೈಗೆ ಸಿಗುವ ರೀತಿಯಲ್ಲಿ.

ಐವತ್ತರ ವೇಗ ದಾಟಿದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ಹಿಡಿದರೂ ನಿಲ್ಲದೆ ಗದಗದ ನಡುಗುವ ಕಾಯಿಲೆ ಹಳೇ ಜೀಪು ಇಟ್ಟವರಿಗೆಲ್ಲ ಗೊತ್ತು. ನನ್ನದಕ್ಕೆ ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಸ್ಟೀರಿಂಗ್ ಡ್ಯಾಂಪರ್ ಹಾಕಿ ನಡುಕ ಮುಚ್ಚಿಟ್ಟಿದ್ದರು. ಅದನ್ನು ಕಿತ್ತು ಕಿಂಗ್‌ಪಿನ್, ಅಂದರೆ ಮುಂದಿನ ಚಕ್ರ ಎಡಬಲ ತಿರುಗುವ ಗೂಟ, ಬಿಚ್ಚಿದೆ. ಬೇರಿಂಗ್ ಕಪ್ಪಿನಲ್ಲಿ ಉರುಳೆಗಳು ಕೂತಲ್ಲೇ ಕೂತು ಗುಂಡಿ ಬಿದ್ದಿತ್ತು. ಹೊಸ ಬೇರಿಂಗ್ ಹಾಕಿದರೆ ಮುಗಿಯಲಿಲ್ಲ, ಅದರ ಬಿಗಿತ ಶಿಮ್ಮುಗಳ, ಅಂದರೆ ತೆಳು ತಗಡಿನ ಬಿಲ್ಲೆಗಳ ಮೇಲೆ ನಿಂತಿದೆ. ಶಿಮ್ ತೆಗೆದಷ್ಟೂ ಬಿಗಿ, ಸೇರಿಸಿದಷ್ಟೂ ಸಡಿಲ. ವಿಲ್ಲಿಸ್ ಕೈಪಿಡಿಯ ಲೆಕ್ಕ ಹೀಗಿದೆ: ಆಯಿಲ್ ಸೀಲ್ ಇಲ್ಲದೆ, ಟೈರಾಡ್ (ಮುಂದಿನ ಎರಡೂ ಚಕ್ರ ಜೋಡಿಸುವ ಸರಳು) ಸೇರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದರೆ 12ರಿಂದ 16 ಪೌಂಡಿಗೆ, ಅಂದರೆ ಸುಮಾರು ಐದೂವರೆಯಿಂದ ಏಳು ಕಿಲೋ ಎಳೆತಕ್ಕೆ ಚಕ್ರ ಹೊರುವ ಗೆಣ್ಣು ತಿರುಗಬೇಕು. ಮನೆಯಲ್ಲಿ ರಾಗಿ ತೂಗುವ ತಕ್ಕಡಿಯನ್ನೇ ತಂದು, ಮೇಲೆ ಕೆಳಗೆ ಸಮನಾಗಿ ಶಿಮ್ ಹಂಚುತ್ತಾ ಎರಡೂ ಬದಿ ಹೊಂದಿಸಿದೆ. ಟೈರಾಡ್ ಎಂಡು, ಕಮಾನು ಪಟ್ಟಿಯ ಬುಷ್ಷು ಹೊಸದು ಹಾಕಿದೆ. ಡ್ಯಾಂಪರ್ ಮತ್ತೆ ಹಾಕುವ ಅಗತ್ಯವೇ ಬೀಳಲಿಲ್ಲ. ಈ ಒಂದು ಕೆಲಸ ಮುಗಿಸಿದ ದಿನ ನನಗಾದ ಸಂತೋಷ ಎಂಜಿನ್ ಸ್ಟಾರ್ಟ್ ಆದ ದಿನವೂ ಆಗಿರಲಿಲ್ಲ.

ಟ್ರಾನ್ಸ್‌ಫರ್ ಕೇಸಿನಲ್ಲಿ ನೋಡಬೇಕಾದದ್ದು ನಡುವಿನ ಶಾಫ್ಟು. ಅದರ ಸೂಜಿ ಬೇರಿಂಗು, ವಾಷರು ಸವೆದರೆ ಗೇರು ಕುಯ್ಯೋ ಅನ್ನುತ್ತದೆ. ಶಾಫ್ಟ್ ಹಳೆಯದನ್ನೇ ಉಳಿಸಿ ಬೇರಿಂಗ್ ಮಾತ್ರ ಹೊಸದು ಹಾಕಿದರೆ ಹೆಚ್ಚು ಕಾಲ ಬಾಳುವುದಿಲ್ಲ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸ್ಪೇರು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಇದರ ಆಯಿಲ್ ಮಟ್ಟ, ಗೇರ್ ಬಾಕ್ಸಿನ ಆಯಿಲ್ ಮಟ್ಟ ಎರಡನ್ನೂ ಬೇರೆ ಬೇರೆ ನೋಡಬೇಕು. ನಡುವಿನ ಸೀಲ್ ಹೋದರೆ ಒಂದರದ್ದು ಇನ್ನೊಂದಕ್ಕೆ ಹರಿದು, ಒಂದು ತುಂಬಿ ಸೋರುವಾಗ ಇನ್ನೊಂದು ಒಣಗುತ್ತಿರುತ್ತದೆ.

ಬ್ರೇಕ್ ವಿಷಯದಲ್ಲಿ ಹಳೇ ಜೀಪನ್ನು ಹೊಗಳಲಾರೆ. ನಾಲ್ಕೂ ಕಡೆ ಡ್ರಮ್ಮು. ನೀರಿಗಿಳಿಸಿ ಬಂದ ಮೇಲೆ ಪೆಡಲ್ಲನ್ನು ಮೆಲ್ಲಗೆ ಒತ್ತಿ ಹಿಡಿದು ಸ್ವಲ್ಪ ದೂರ ಓಡಿಸಿ ಒಣಗಿಸದಿದ್ದರೆ ಹಿಡಿಯುವುದೇ ಇಲ್ಲ. ಕೆಸರು ಗದ್ದೆಯಲ್ಲಿ ಓಡಿದ್ದಾದರೆ ಡ್ರಮ್ ಬಿಚ್ಚಿ ತೊಳೆಯಲೇಬೇಕು. ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಕಾರುಗಳ ಜೊತೆ ಪೈಪೋಟಿಗೆ ಬಿಡುವ ಗಾಡಿ ಇದಲ್ಲ. ಎತ್ತರದ ಮೈ, ಕಿರಿದಾದ ಕಾಲು. ತಿರುವಿನಲ್ಲಿ ವೇಗ ಇಳಿಸಲೇಬೇಕು. ಮನೆಮಂದಿಯನ್ನು ಕೂರಿಸಿಕೊಂಡು ದೂರ ಹೋಗಲು 2020ರ ಅಕ್ಟೋಬರ್ 2ರಂದು ಬಂದ ಮಹೀಂದ್ರದ ಹೊಸ ಥಾರ್ ಎಲ್ಲ ರೀತಿಯಲ್ಲೂ ಮೇಲು, ಅದರಲ್ಲಿ ಸಂಶಯವಿಲ್ಲ. 2010ರ ಮೊದಲ ಥಾರ್‌ನ ಸಿಆರ್‌ಡಿಇ ಡೀಸೆಲ್ ಮಾದರಿಯಲ್ಲೇ ಮುಂದಿನ ಗಟ್ಟಿ ಆಕ್ಸಲ್, ಕಮಾನು ಪಟ್ಟಿ ಹೋಗಿ ಚಕ್ರಗಳು ಬೇರೆ ಬೇರೆಯಾಗಿ ಕುಣಿಯುವ ಏರ್ಪಾಡು ಬಂದಿತ್ತು. ಹಾಗಾಗಿ ಕಿಂಗ್‌ಪಿನ್, ಶಿಮ್ಮುಗಳ ಈ ವಿದ್ಯೆ ಅಂಥ ಥಾರ್ ಇಟ್ಟವರಿಗೆ ಬೇಡ.

ಓಡಿಸುವ ಬಗ್ಗೆ ನಮ್ಮ ಹುಡುಗರಿಗೆ ನಾನು ಹೇಳಿಕೊಡುವುದು ಎರಡೇ. ಕೆಸರಿಗೆ ಇಳಿಯುವ ಮೊದಲೇ ಫೋರ್ ವೀಲ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರು) ಹಾಕಿ, ಸಿಕ್ಕಿಕೊಂಡ ಮೇಲೆ ಅಲ್ಲ. ಲೋ ಹಾಕಿದರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ ಸಿಗುತ್ತದೆ. ಎಂಜಿನ್ ಕಿರುಚಿಸದೆ ಮೆಲ್ಲಗೆ ದಾಟಬಹುದು, ಮೇಲುಕೋಟೆ ಕಡೆಯ ಕಲ್ಲು ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಬಹುದು. ಎರಡನೆಯದು, ಟಾರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆಯಿರಿ. ಇದರಲ್ಲಿ ಮುಂದೆ ಹಿಂದೆ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕು. ಮಣ್ಣಿನಲ್ಲಾದರೆ ಟೈರು ಜಾರಿ ಸರಿದೂಗಿಸುತ್ತದೆ, ಟಾರಿನಲ್ಲಿ ಜಾರಲಾಗದೆ ಶಾಫ್ಟು, ಅದರ ಕೀಲಿನ ಕ್ರಾಸುಗಳು ತಿರುಚಿಕೊಳ್ಳುತ್ತವೆ. ಈ ಜೀಪಿನ ಗಟ್ಟಿ ಭಾಗಗಳನ್ನೂ ಮುರಿಯುವ ದಾರಿ ಅದೊಂದೇ.

ಕಾಗದಪತ್ರದ ಮಾತು ಉಳಿಯಿತು. 15 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ಇನ್‌ಸ್ಪೆಕ್ಟರಿಗೆ ತೋರಿಸಬೇಕು. ಹೋಗುವ ಮೊದಲು ಚಾಸಿ ನಂಬರಿನ ಮೇಲಿನ ಪೇಂಟನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಅಚ್ಚು ಸ್ಪಷ್ಟವಾಗಿ ಕಾಣುವ ಹಾಗೆ ಮಾಡಿಕೊಳ್ಳಿ. ಉಜ್ಜುಕಾಗದ ಮಾತ್ರ ಮುಟ್ಟಿಸಬೇಡಿ. ಅಂಕಿ ಸವೆದರೆ ತಿದ್ದಿದ್ದಾರೆಂಬ ಅನುಮಾನ ಬರುತ್ತದೆ, ಆಮೇಲೆ ಅದನ್ನು ಕಳೆಯುವುದು ಎಂಜಿನ್ ಕಟ್ಟುವುದಕ್ಕಿಂತ ಕಷ್ಟ.