ಪೇ ಸ್ಲಿಪ್ಪನ್ನೇ ಬುರ್ರಕಥೆ ಮಾಡಿದೆವು: ನರಸಾಪುರದ ಸುತ್ತಮುತ್ತ ನನ್ನ ಅನುಭವ

"ತಂಬೂರಿ ಹಿಡ್ಕೊಂಡು ಕಾರ್ಖಾನೆ ಹುಡುಗರ ಹತ್ರ ಹೋಗ್ತೀಯಾ? ಅವರು ರೀಲ್ಸ್ ನೋಡೋರು ಕಣಯ್ಯಾ." ಕಾರ್ಖಾನೆಯವರ ಮುಂದೆ ಬುರ್ರಕಥೆ ಆಡ್ತೀನಿ ಅಂದಾಗ ನಮ್ಮ ಯೂನಿಯನ್ನಿನ ಹಿರಿಯ ಅಣ್ಣ ಹೇಳಿದ ಮಾತು ಇದು. ಬೀದಿ ನಾಟಕದ ಗೆಳೆಯರು ಹೇಳಿದ್ದು ಬೇರೆ. ಬುರ್ರಕಥೆ ಅಂದರೆ ತೆಲುಗು, ಮುದುಕರಿಗೆ, ಸಂಕ್ರಾಂತಿಗೆ ಸರಿ, ರಾಜಕೀಯ ವಿಡಂಬನೆಗೆ ಆಗಲ್ಲ ಅಂದರು. ಈಗ ಅವರಲ್ಲೇ ಇಬ್ಬರು ನನ್ನ ಹತ್ತಿರ ಪದ, ಅಂದರೆ ಹಾಡು, ಕೇಳಲು ಬಂದಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬುರ್ರಕಥೆ ಅಂದರೆ ನಡುವೆ ತಂಬೂರಿ ಹಿಡಿದು ಕಥೆ ಹಾಡುವವನೊಬ್ಬ, ಎರಡು ಪಕ್ಕ ಡಕ್ಕಿ ಬಾರಿಸುವ ಇಬ್ಬರು; ನಮ್ಮಲ್ಲಿ ಬಲಗಡೆಯವನು ರಾಜಕೀಯ, ಎಡಗಡೆಯವನು ಹಾಸ್ಯ. ಪಿಎಫ್ ಅಂದರೆ ಭವಿಷ್ಯನಿಧಿ, ಓಟಿ ಅಂದರೆ ಹೆಚ್ಚುವರಿ ಗಂಟೆಯ ಕೆಲಸ. ಇನ್ನು ನೇರವಾಗಿ ಯಾವುದು ಆಗಲಿಲ್ಲ, ಯಾವುದು ಆಯಿತು, ಎಷ್ಟು ದುಡ್ಡು ಹೋಯಿತು ಅಂತ ಹೇಳುತ್ತೇನೆ.

ಮೊದಲು ಆಗದೇ ಇದ್ದದ್ದು. ನಾವು ಶುರು ಮಾಡಿದ್ದು ಮಾಮೂಲಿ ಬೀದಿ ನಾಟಕದಿಂದ. ದೊಡ್ಡ ಹೊಟ್ಟೆ, ಕೋಟು, ಸಿಗಾರ್, ಅವನೇ ಬಂಡವಾಳಶಾಹಿ. ಜನ ನಕ್ಕರು, ಕೈ ತಟ್ಟಿದರು, ಬಸ್ ಹತ್ತಿ ಹೋದರು. ಕೋಲಾರ ಜಿಲ್ಲೆಯ ಕಾರ್ಖಾನೆ ಊರುಗಳಾದ ವೇಮಗಲ್, ನರಸಾಪುರ, ಮಾಲೂರು ಎಲ್ಲ ಕಡೆ ಇದೇ ಕಥೆ. ಯಾಕೆ ಅಂದರೆ ಆ ಹೊಟ್ಟೆಯವನನ್ನು ಇವರು ಯಾರೂ ಕಣ್ಣಲ್ಲಿ ಕಂಡಿಲ್ಲ. ಮಾಲೀಕ ಯಾವ ದೇಶದಲ್ಲಿದ್ದಾನೋ ಗೊತ್ತಿಲ್ಲ. ಇವರಿಗೆ ದಿನಾ ಕಾಣುವವನು ಕಾರ್ಖಾನೆಗೆ ಕಾಂಟ್ರಾಕ್ಟ್ ಮೇಲೆ ಜನ ಕೊಡುವ ಏಜೆನ್ಸಿಯ ಸೂಪರ್‌ವೈಸರ್. ಅವನಿಗೇ ಇಪ್ಪತ್ತು ಇಪ್ಪತ್ತೆರಡು ಸಾವಿರ ಸಂಬಳ, ಮಾಲೂರಲ್ಲಿ ಬಾಡಿಗೆ ಮನೆ. ಅವನನ್ನು ಬೈದರೆ ವಿಡಂಬನೆ ಆಗಲ್ಲ, ಜಗಳ ಆಗುತ್ತದೆ.

ಇನ್ನೊಂದು ಕಷ್ಟ ಇತ್ತು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ದೊಡ್ಡ ಗಲಾಟೆ ಆಯಿತಲ್ಲ, ಆಮೇಲೆ ನೂರಕ್ಕೂ ಜಾಸ್ತಿ ಜನರನ್ನು ಹಿಡಿದುಕೊಂಡು ಹೋದರು. ಕೆಲವರಿಗೆ ಸರಿಯಾಗಿ ಸಂಬಳ ಕೊಟ್ಟಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಆದರೆ ಜನರ ಮನಸ್ಸಲ್ಲಿ ಉಳಿದದ್ದು ಪೊಲೀಸ್ ವ್ಯಾನು. ಗೇಟಿನ ಮುಂದೆ ನಾಲ್ಕು ಜನ ನಿಂತರೆ ಐಡಿ ಕಾರ್ಡನ್ನು ಅಂಗಿಯೊಳಗೆ ಹಾಕಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು. ಅಂಥವರ ಮುಂದೆ "ಒಂದಾಗಿ, ಹೋರಾಡಿ" ಅಂದರೆ ಯಾರು ನಿಲ್ಲುತ್ತಾರೆ?

ದಾರಿ ಸಿಕ್ಕಿದ್ದು ಒಂದು ಪೇ ಸ್ಲಿಪ್ಪಿನಿಂದ. ರಾಯಚೂರು ಕಡೆಯ ಒಬ್ಬ ಹುಡುಗಿ, ಪಿಜಿಯಲ್ಲಿದ್ದವಳು, ನನ್ನ ಹತ್ತಿರ ತಂದು ತೋರಿಸಿದಳು. "ಅಣ್ಣಾ, ಇದರಾಗ ಪಿಎಫ್ ಎರಡು ಸಲ ಯಾಕ ಐತ್ರಿ?" ಬೇಸಿಕ್ಕು (ಮೂಲ ಸಂಬಳ), ಡಿಎ (ತುಟ್ಟಿಭತ್ಯೆ) ಸೇರಿ 12,000. ಅದರ 12% ಅಂದರೆ 1,440, ಅದು ಅವಳ ಪಾಲು. ಮಾಲೀಕನದ್ದೂ ಅಷ್ಟೇ, ಅವನು ತನ್ನ ಕೈಯಿಂದ ಹಾಕಬೇಕು. ಈ ಏಜೆನ್ಸಿ ಎರಡನ್ನೂ ಅವಳ ಸಂಬಳದಲ್ಲೇ ಹಿಡಿದಿತ್ತು, 2,880. ಮಾಲೀಕನ ಪಾಲನ್ನು ಕಾರ್ಮಿಕರಿಂದ ಹಿಡಿಯೋದು ಕಾನೂನಿನಲ್ಲಿ ಇಲ್ಲವೇ ಇಲ್ಲ. ಕೆಳಗೆ ನೋಡಿದರೆ ಓಟಿ. ಗಂಟೆಗೆ ಐವತ್ತೇಳೋ ಐವತ್ತೆಂಟೋ, ಮಾಮೂಲಿ ಗಂಟೆಯ ಕೂಲಿಯಷ್ಟೇ ಕೊಟ್ಟಿದ್ದಾರೆ. ಡಬಲ್ ಕೊಡಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ. ತಿಂಗಳಿಗೆ ನಲವತ್ತು ಗಂಟೆ ಓಟಿ ಹಾಕಿದವಳಿಗೆ ಅಲ್ಲೇ ಎರಡು ಸಾವಿರದ ಮುನ್ನೂರರಷ್ಟು ಹೋಯಿತು. ಎರಡೂ ಸೇರಿ ತಿಂಗಳಿಗೆ ಮೂರೂಮುಕ್ಕಾಲು ಸಾವಿರ. ಅವಳ ಪಿಜಿ ಬಾಡಿಗೆಯೇ ಅಷ್ಟಿತ್ತು.

ನಾನೂ ಹತ್ತು ವರ್ಷದ ಹತ್ತಿರ ಕಾಂಟ್ರಾಕ್ಟ್ ಫಿಟ್ಟರ್ ಆಗಿದ್ದವನು. ನನಗೆ ಆವತ್ತು ಬಂದ ಸಿಟ್ಟು ಈಗಲೂ ಇದೆ. ಆದರೆ ಸಿಟ್ಟಿನಲ್ಲಿ ಬರೆದ ಪದ ನಿಲ್ಲುವುದಿಲ್ಲ. ನಾನು ಮಾಡಿದ್ದು ಇಷ್ಟು. ಕಳ್ಳ, ಖದೀಮ ಅನ್ನೋದನ್ನೆಲ್ಲ ತೆಗೆದುಹಾಕಿ ಪೂರ್ತಿ ಹೊಗಳಿಕೆಗೆ ತಿರುಗಿಸಿದೆ. ಬೈದ ಹಾಗೆ ಮಾಡಿ ಹೊಗಳುವ ನಿಂದಾಸ್ತುತಿ ನಮಗೆ ಹೊಸದಲ್ಲವಲ್ಲ, ದಾಸರು ದೇವರನ್ನೇ ಬಿಟ್ಟಿಲ್ಲ; ನಾನು ಅದನ್ನೇ ತಿರುಗಿಸಿ ಹೊಗಳಿದ ಹಾಗೆ ಮಾಡಿ ಬೈದೆ. ಎಡಗಡೆಯ ಹಾಸ್ಯದವನು ಕಂಪನಿಯ ಪರಮ ಭಕ್ತ. ಬಲಗಡೆಯವನು ಏನೂ ತಿಳಿಯದವನ ಹಾಗೆ ಪೇ ಸ್ಲಿಪ್ ಓದುತ್ತಾ ಪ್ರಶ್ನೆ ಕೇಳುತ್ತಾನೆ. ನಡುವೆ ನಾನು ತಂಬೂರಿ.

ಏಜೆನ್ಸಿ ದೇವರು ಬಂದನು ನೋಡೋ, ತಂದಾನ ತಾನ
ಎರಡು ಕೈಲೂ ಪಿಎಫ್ ತಂದನು ನೋಡೋ, ತಂದಾನ ತಾನ
ಒಂದು ನಿನ್ನದು, ಇನ್ನೊಂದು ತನ್ನದು, ತಂದಾನ ತಾನ
ಎರಡೂ ನಿನ್ನ ಜೇಬಲ್ಲೇ ಎಣಿಸಿದ, ತಂದಾನ ತಾನ

ಅಲ್ಲಿಗೆ ಹಾಸ್ಯದವನು ಕೈ ಮುಗಿದು "ತನ್ನದನ್ನು ತಂದು ನಿನ್ನದೇ ಅಂತ ಹೇಳೋನು ದೊಡ್ಡೋನೋ, ನಿನ್ನದನ್ನೇ ತೆಗೆದು ನಾನು ತಂದೆ ಅಂತ ಹೇಳೋನು ದೊಡ್ಡೋನೋ?" ಅಂತಾನೆ. ಈ ಜಾಗದಲ್ಲಿ ಮೊದಲ ಸಲ ಜನ ನಗಲಿಲ್ಲ. ಮೊಬೈಲ್ ತೆಗೆದರು. ರೆಕಾರ್ಡ್ ಮಾಡೋಕೆ ಅಂದುಕೊಂಡೆ. ಅಲ್ಲ, ತಮ್ಮ ಸ್ಲಿಪ್ಪಿನ ಫೋಟೋ ತೆಗೆದು ನೋಡುತ್ತಿದ್ದರು.

ಅದಾದ ಮೇಲೆ ಕಥೆ ಬರೆಯುವುದನ್ನೇ ನಿಲ್ಲಿಸಿದೆವು. ಯಾವ ಊರಿಗೆ ಹೋದರೂ ಅಲ್ಲಿಯವರದ್ದೇ ಸ್ಲಿಪ್ಪು, ಹೆಸರೂ ನಂಬರೂ ಹರಿದು ಹಾಕಿ, ಅದೇ ಲೆಕ್ಕ ಹಾಡುವುದು. ಲೆಕ್ಕ ತಪ್ಪಬಾರದು, ಒಂದು ರೂಪಾಯಿಯೂ ತಪ್ಪಬಾರದು. ಒಂದು ತಪ್ಪು ಸಿಕ್ಕರೆ ಏಜೆನ್ಸಿಯವರು ಅದನ್ನೇ ಹಿಡಿದುಕೊಂಡು ಉಳಿದ ಒಂಬತ್ತು ನಿಜವನ್ನೂ ಸುಳ್ಳು ಮಾಡುತ್ತಾರೆ.

ದೊಡ್ಡ ರಾಜಕೀಯವನ್ನು ಹೇಗೆ ತರೋದು ಅನ್ನೋದು ಆಮೇಲಿನ ಪ್ರಶ್ನೆ. ಬಜೆಟ್ಟು, ತೆರಿಗೆ ಅಂದರೆ ಜನ ಆಕಳಿಸುತ್ತಾರೆ. ಅದಕ್ಕೂ ಸ್ಲಿಪ್ಪಿನ ಸಾಲೇ ಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆ 30ರಿಂದ 22%ಗೆ ಇಳಿಯಿತು, ಹೊಸ ಕಾರ್ಖಾನೆ ಹಾಕುವವರಿಗೆ 15%. ಬೋನಸ್ ಕಾಯ್ದೆ 1965ರದ್ದಿತ್ತು, ಕನಿಷ್ಠ ಬೋನಸ್ 8.33%. ನಾನು ಇವೆರಡನ್ನೂ ಪಕ್ಕಪಕ್ಕ ಇಟ್ಟೆ. ಬಲಗಡೆಯವನು ಕೇಳುತ್ತಾನೆ, "ಅಣ್ಣಾ, ಅವರಿಗೆ ಎಷ್ಟು ಉಳೀತು?" ಹಾಸ್ಯದವನು, "ಎಂಟು ಪರ್ಸೆಂಟು, ಒಂದೇ ದಿನದಲ್ಲಿ." "ನನಗೆ?" "ನಿನಗೆ ಅದಕ್ಕಿಂತ ಜಾಸ್ತಿ ಕಣೋ, ಎಂಟು ಪಾಯಿಂಟ್ ಮೂವತ್ಮೂರು! ವರ್ಷವಿಡೀ ಕಾಯಬೇಕು, ಅಷ್ಟರಲ್ಲಿ ನಿನ್ನನ್ನು ಬಿಡಿಸಿ ಬೇರೆ ಏಜೆನ್ಸಿಗೆ ಹಾಕದೇ ಇದ್ದರೆ!" ಕಾಂಟ್ರಾಕ್ಟ್ ಬದಲಾಯಿಸಿ ಬೋನಸ್ಸು ಗ್ರಾಚ್ಯುಟಿ ತಪ್ಪಿಸೋದು ಅಲ್ಲಿದ್ದವರಿಗೆಲ್ಲ ಗೊತ್ತು. ಆ ಸಾಲಿಗೆ ಬರುವ ನಗು ಬೇರೆ ಯಾವ ಸಾಲಿಗೂ ಬರಲ್ಲ. ಕಂಪನಿಗಳು ಲಾಭದಲ್ಲಿ ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ ಎರಡು ಪರ್ಸೆಂಟಿನ ಸಿಎಸ್‌ಆರ್ ಮೇಲೂ ಒಂದು ಪದ ಇದೆ, ಶಾಲೆಗೆ ಕೊಟ್ಟ ಬೆಂಚಿಗಿಂತ ಬೆಂಚಿನ ಮೇಲಿನ ಹೆಸರು ಉದ್ದ ಅಂತ. ಅದು ಮೇಷ್ಟ್ರುಗಳಿಗೆ ಇಷ್ಟ.

ಬಂಗಾರಪೇಟೆ, ಕೆಜಿಎಫ್ ಕಡೆ ಹೋದಾಗ ಬೇರೆ ಪದ. 1930ರಲ್ಲಿ ಗಣಿ ಕಾರ್ಮಿಕರು ಬೆರಳಚ್ಚು ಕೊಡಲ್ಲ ಅಂತ ಮುಷ್ಕರ ಹೂಡಿದ್ದರು. ಈಗ ಬಯೋಮೆಟ್ರಿಕ್ ಮಷೀನಿಗೆ ದಿನಾ ಬೆರಳು ಒತ್ತುತ್ತೇವೆ, ಎರಡು ನಿಮಿಷ ತಡವಾದರೆ ಅರ್ಧ ದಿನ ಹೋಯಿತು, ಎರಡು ಗಂಟೆ ಜಾಸ್ತಿ ನಿಂತರೆ ಮಷೀನಿಗೆ ಕಾಣಲ್ಲ. ಪದದಲ್ಲಿ ತಾತ ಗಣಿಯಲ್ಲಿ, ಮೊಮ್ಮಗಳು ನರಸಾಪುರದಲ್ಲಿ. ಇಬ್ಬರೂ ಬೆರಳಿನ ಬಗ್ಗೆ ಮಾತಾಡುತ್ತಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗುವವರ ಊರು ಅದು, ಅಲ್ಲಿ ವಿವರಿಸುವ ಅಗತ್ಯವೇ ಬೀಳಲಿಲ್ಲ. ನನ್ನ ಮಟ್ಟಿಗೆ ನಾವು ಕಟ್ಟಿದ್ದರಲ್ಲಿ ಅತ್ಯಂತ ಒಳ್ಳೆಯದು ಈ ಪದವೇ. ಮೂರು ತಿಂಗಳು ತಿದ್ದಿದ್ದೇನೆ.

ಭಾಷೆಯ ತೊಂದರೆ ಬಗ್ಗೆ ಹೇಳಬೇಕು. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರಿಗೆ ತೆಲುಗು ಬೆರೆತರೆ ಕಿವಿ ನಿಮಿರುತ್ತದೆ. ಆದರೆ ಕಾರ್ಖಾನೆಯ ಲೈನಿನಲ್ಲಿ ನಿಂತು ಕೆಲಸ ಮಾಡುವವರಲ್ಲಿ ತುಂಬಾ ಜನ ಕಲಬುರಗಿ, ರಾಯಚೂರಿನವರು. ಅವರಲ್ಲಿ ಬಹಳ ಜನಕ್ಕೆ ತೆಲುಗು ಮಾತೂ ಅರ್ಥ ಆಗಲ್ಲ, ನಮ್ಮ ಕೋಲಾರದ ಕನ್ನಡವೂ ಅರ್ಧಂಬರ್ಧ. ಪಲ್ಲವಿ ಮಾತ್ರ ಹಳೇ ಮಟ್ಟಿನಲ್ಲಿ ಬಿಟ್ಟು ಉಳಿದದ್ದನ್ನೆಲ್ಲ ಕನ್ನಡ ಮಾಡಿದೆವು. ಬಲಗಡೆಯವನ ಪ್ರಶ್ನೆಗಳನ್ನು ಆ ಕಡೆಯ ಮಾತಿನಲ್ಲೇ ಬರೆಸಿದೆವು. ಬರೆದುಕೊಟ್ಟದ್ದು ಮೊದಲು ಸ್ಲಿಪ್ ತೋರಿಸಿದ ಆ ಹುಡುಗಿಯೇ. ಅವಳು ಬರೆದ ಪ್ರಶ್ನೆಗಳು ನನ್ನ ಉತ್ತರಗಳಿಗಿಂತ ಚುರುಕಾಗಿವೆ.

ಗೇಟಿನ ಹತ್ತಿರ ಹೋಗಬೇಡಿ. ಸಮಯ ದಂಡ. ಕಂಪನಿ ಬಸ್ಸು ಒಳಗಿಂದಲೇ ಹೊರಡುತ್ತದೆ, ಕ್ಯಾಮೆರಾ ಇದೆ. ಭಾನುವಾರ ಸಂಜೆ ಪಿಜಿಗಳ ಬೀದಿ, ಊರ ಜಾತ್ರೆ, ಸಂತೆ ಮುಗಿಯುವ ಹೊತ್ತು, ಇವೇ ಸರಿ. ಪೊಲೀಸರಿಗೆ ಮೊದಲೇ ಅರ್ಜಿ ಕೊಡಿ, "ಜಾನಪದ ಕಾರ್ಯಕ್ರಮ" ಅಂತ ಬರೆದರೆ ಸುಳ್ಳೇನೂ ಅಲ್ಲವಲ್ಲ. ಪಿಜಿ ಮಾಲೀಕರು ಹೆದರುತ್ತಾರೆ. ಅವರನ್ನು ಒಪ್ಪಿಸುವುದಕ್ಕೆ ನಮ್ಮ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆದರೆ ಅದು ಕೆಲಸ ಮಾಡುವುದು ನಿಲ್ಲುತ್ತದೆ, ಹಾಗಾಗಿ ಬರೆಯಲ್ಲ.

ದುಡ್ಡಿನ ವಿಷಯ. ಎರಡು ಡಕ್ಕಿ ಆಂಧ್ರದ ಕಡೆಯಿಂದ ತಂದದ್ದು, ಸುಮಾರು ಆರು ಸಾವಿರ. ಬ್ಯಾಟರಿ ಸ್ಪೀಕರ್ ಏಳು ಸಾವಿರದ ಹತ್ತಿರ, ಮೊದಲನೆಯದು ಮಳೆಗೆ ಸತ್ತಿತು, ಎರಡನೆಯದು ಸಾಲದಲ್ಲಿ. ಟೆಂಪೋ ಒಂದು ಸಲಕ್ಕೆ ಎರಡು ಸಾವಿರಕ್ಕೆ ಕಡಿಮೆ ಬರಲ್ಲ. ಜೊತೆಗಾರರಿಬ್ಬರೂ ಕೂಲಿಯವರು. ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ, ತಲೆಗೆ ಎಂಟುನೂರು ಕೊಡಲೇಬೇಕು. ಕಾರ್ಮಿಕರ ಹಕ್ಕಿನ ಹಾಡು ಹಾಡಿ ಹಾಡುಗಾರನ ಕೂಲಿ ಇಟ್ಟುಕೊಂಡರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಮೊದಲ ವರ್ಷ ಎಪ್ಪತ್ತು ಸಾವಿರದ ಮೇಲೆ ಖರ್ಚು, ಟವೆಲ್ ಹಾಸಿ ಬಂದದ್ದು ಇಪ್ಪತ್ತು ಚಿಲ್ಲರೆ. ಚೀಟಿ ಎತ್ತಿ ತುಂಬಿದೆ. ಈಗ ಒಂದು ಕಾರ್ಯಕ್ರಮಕ್ಕೆ ಎರಡೂವರೆ ಸಾವಿರದವರೆಗೂ ಬೀಳುತ್ತದೆ, ಎಲ್ಲ ಹತ್ತು ಇಪ್ಪತ್ತರ ನೋಟು, ಫೋನ್‌ಪೇಯಲ್ಲೂ ಹಾಗೇ.

2023ರ ಚುನಾವಣೆಗೆ ಮುಂಚೆ ಒಂದು ಪಕ್ಷದವರು ಹದಿನೈದು ಸಾವಿರ ಕೊಡ್ತೀವಿ, ನಮ್ಮ ವೇದಿಕೆಯಲ್ಲಿ ಆಡಿ ಅಂದರು. ಎದುರು ಪಕ್ಷದ್ದು ಮಾತ್ರ ಹಾಡಬೇಕಂತೆ. ಒಪ್ಪಲಿಲ್ಲ. ಆ ಫೆಬ್ರವರಿಯಲ್ಲೇ ರಾಜ್ಯದಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ಬಂದಿತ್ತು. ಸರ್ಕಾರ ಬದಲಾಯಿತು, 2025ರಲ್ಲಿ ಐಟಿಯವರ ಕೆಲಸದ ಹೊತ್ತು ಹೆಚ್ಚಿಸುವ ಪ್ರಸ್ತಾಪ ಬಂತು. ನನ್ನ ಪದದಲ್ಲಿ ಎರಡೂ ಇವೆ, ಒಂದೇ ತಾಳ. ಒಂದು ಕಡೆಯವರನ್ನು ಬಿಟ್ಟರೆ ಪಿಜಿ ಬೀದಿಯಲ್ಲಿ ಯಾರೂ ನಂಬಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ವಾಟ್ಸಾಪ್ ಆಡಿಯೋ ಮಾಡಿದೆವು, ಚೆನ್ನಾಗಿ ಓಡಿತು, ಆದರೆ ಜನ ಒಬ್ಬೊಬ್ಬರೇ ಕೇಳಿ ಸುಮ್ನಾದರು. ಪಕ್ಕದವನ ಸ್ಲಿಪ್ಪು ನೋಡಬೇಕಾದರೆ ಪಕ್ಕದಲ್ಲಿ ಒಬ್ಬ ಇರಬೇಕು. ಕೋಲಾರದ ಪ್ರೆಸ್ಸಿನಲ್ಲಿ ಷೇರು ಪತ್ರದ ಥರ ಐನೂರು ಕಾಗದ ಹೊಡೆಸಿದೆವು, "ತಮ್ಮ ಓಟಿಯನ್ನು ಕಂಪನಿಯಲ್ಲಿ ಹೂಡಿದ್ದಕ್ಕೆ ಧನ್ಯವಾದ" ಅಂತ. ಸಾವಿರದ ಎಂಟುನೂರು ಖರ್ಚು. ಒಂದು ಪಿಜಿಯಲ್ಲಿ ಹುಡುಗಿಯರು ತಾವೇ ಲೆಕ್ಕ ಹಾಕಿ ಮೊತ್ತ ತುಂಬಿ ಗೋಡೆಗೆ ಅಂಟಿಸಿದ್ದರು. ಚಿಕ್ಕಬಳ್ಳಾಪುರದಲ್ಲಿ ರಟ್ಟಿನ ಗೊಂಬೆ ಮಾಡಿ ನೋಡಿದೆವು, ಮಕ್ಕಳು ಬಂದರು, ಕೆಲಸದವರು ಬರಲಿಲ್ಲ.

ಕೊನೆಗೆ ಆದದ್ದು ಹೇಳುತ್ತೇನೆ. ಒಂದೇ ಏಜೆನ್ಸಿಯ ಅರುವತ್ತು ಜನರ ಆಸುಪಾಸು ಸರ್ಕಾರದ ಉಮಂಗ್ ಆ್ಯಪಿನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಿದರು. ಕೆಲವರದ್ದು ನಾಲ್ಕೈದು ತಿಂಗಳು ಕಟ್ಟೇ ಇರಲಿಲ್ಲ. ಎಲ್ಲರೂ ಸೇರಿ ಪಿಎಫ್‌ನವರಿಗೆ ದೂರು ಹಾಕಿದರು, ಜೊತೆಗೆ ಮುಖ್ಯ ಕಂಪನಿಗೇ ಕಾಗದ ಬರೆದರು. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಡಬೇಕು ಅನ್ನೋದು 1970ರ ಕಾಂಟ್ರಾಕ್ಟ್ ಕಾರ್ಮಿಕ ಕಾಯ್ದೆಯಲ್ಲೇ ಇತ್ತು. ಎರಡು ತಿಂಗಳ ಒಳಗೆ ಬಾಕಿ ಪಿಎಫ್ ಕಟ್ಟಿದರು, ಡಬಲ್ ಕಡಿತ ನಿಂತಿತು. ಓಟಿ ಬಾಕಿ ಪೂರ್ತಿ ಬಂದಿಲ್ಲ, ಹೊಸ ಓಟಿ ಮಾತ್ರ ಡಬಲ್ ಬರುತ್ತಿದೆ. ಯೂನಿಯನ್ ಅಣ್ಣ ಆವತ್ತು ಬಂದು ಟವೆಲ್ಲಿಗೆ ಐನೂರು ಹಾಕಿ "ಪದ ಉದ್ದ ಆಯ್ತು ಕಣಯ್ಯಾ" ಅಂದ. ಹೌದು, ಉದ್ದವೇ. ಮೊಟಕು ಮಾಡಲ್ಲ.

ಈಗ ಹೊಸ ಕೆಲಸ ಬಿದ್ದಿದೆ. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದಿವೆ. ಅಲೋಯನ್ಸು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ್ದು ವೇತನಕ್ಕೇ ಸೇರಬೇಕು, ಇದು ಒಳ್ಳೆಯದು, ಪಿಎಫ್ ತಪ್ಪಿಸಲು ಬೇಸಿಕ್ ಚಿಕ್ಕದು ಮಾಡುವವರಿಗೆ ಅಡ್ಡ ಬೀಳುತ್ತದೆ. ಆದರೆ ಮೊದಲು 20 ಜನರಿದ್ದ ಕಾಂಟ್ರಾಕ್ಟರಿಗೂ ಕಾಂಟ್ರಾಕ್ಟ್ ಕಾನೂನು ಇತ್ತು, ಈಗ 50 ಆಗಬೇಕು. ನಲವತ್ತೊಂಬತ್ತು ಜನರ ಏಜೆನ್ಸಿಗಳು ಎಷ್ಟು ಹುಟ್ಟುತ್ತವೆ ನೋಡಿ. ಆ ಐವತ್ತನೆಯವನೇ ಹೊಸ ಪದದ ನಾಯಕ. ಎಲ್ಲ ಏಜೆನ್ಸಿಯ ಬಾಗಿಲಿಗೂ ಹೋಗುತ್ತಾನೆ, ಯಾರೂ ಸೇರಿಸಿಕೊಳ್ಳಲ್ಲ. ಮಟ್ಟು ಸಿಕ್ಕಿದೆ, ಹಾಸ್ಯದವನ ಉತ್ತರಗಳು ಅರ್ಧ ಆಗಿವೆ. ಹೊಸ ಲೆಕ್ಕದಲ್ಲಿ ಬಂದ ಸ್ಲಿಪ್ಪು ನಿಮ್ಮ ಕಡೆ ಯಾರ ಹತ್ತಿರವಾದರೂ ಇದ್ದರೆ ಹೆಸರು ಹರಿದು ಕಳಿಸಿ. ಮಾಲೂರಿನ ಎರಡು ಸಿಕ್ಕಿವೆ, ದೊಡ್ಡಬಳ್ಳಾಪುರದ್ದೂ ತುಮಕೂರು ವಸಂತನರಸಾಪುರದ್ದೂ ಬೇಕು.